ಮಗಳು ಖೋ ಖೋ ಆಡ್ತಾಳೆ, ಎಸ್ಸೆಸ್ಸೆಲ್ಸಿ ಆದ ಮೇಲೆ ಯಾವ ದಾರಿ?

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹಳ್ಳಿಯಲ್ಲಿ ಒಂದಿಷ್ಟು ತೋಟ ಇದೆ. ಆಟ ಅಂದರೆ ನನಗೆ ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿದ್ದಷ್ಟೇ. ಅದಕ್ಕೇ ಗೊತ್ತಿರುವವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಮಿಡ್ಲ್ ಸ್ಕೂಲಿನಿಂದಲೂ ಖೋ ಖೋ ಆಡುತ್ತಾಳೆ. ಹೋದ ವರ್ಷ ಇವರ ಶಾಲೆ ತಾಲ್ಲೂಕು, ಜಿಲ್ಲೆ, ವಿಭಾಗ ಎಲ್ಲ ಗೆದ್ದು ರಾಜ್ಯ ಮಟ್ಟಕ್ಕೆ ಹೋಗಿತ್ತು. ಅಲ್ಲಿ ಸೋತರು. ರಾಜ್ಯ ತಂಡಕ್ಕೆ ಇವಳ ಹೆಸರು ಬರಲಿಲ್ಲ. ಈ ವರ್ಷ ಮತ್ತೆ ವಿಭಾಗ ಮಟ್ಟ ದಾಟಿದ್ದಾರೆ, ಮುಂದಿನ ತಿಂಗಳು ರಾಜ್ಯ ಮಟ್ಟ ಇದೆ. ಓದಿನಲ್ಲೂ ಪರವಾಗಿಲ್ಲ. ಗಣಿತ ಒಂದು ಸ್ವಲ್ಪ ಎಳೆಯುತ್ತದೆ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ರಾಗ. ಕ್ಲಾಸ್ ಟೀಚರ್ ಹೇಳುವುದು, "ಆಟ ಸಾಕು, ತುಮಕೂರಿನಲ್ಲಿ ಪಿಸಿಎಂಬಿಗೆ ಸೇರಿಸಿ" ಅಂತ. ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಸೈನ್ಸ್. ಪಿಟಿ ಮೇಷ್ಟ್ರು ಹೇಳುವುದು, ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕಳಿಸಿ ಅಂತ. ನಮ್ಮಮ್ಮ ಹೇಳುವುದು, "ಮೊಣಕಾಲು ಮುರ್ಕೊಂಡು ಬಂದ್ರೆ ಇವಳನ್ನ ಯಾರು ಮದುವೆ ಆಗ್ತಾರೆ?" ನನ್ನ ಹೆಂಡತಿ ಆಡಲಿ ಬಿಡಿ ಅಂತಾಳೆ. ಅವಳೂ ಶಾಲೆಯಲ್ಲಿ ಥ್ರೋಬಾಲ್ ಆಡಿದವಳು, ಮದುವೆ ಅಂತ ನಿಲ್ಲಿಸಿದ್ದು.

ಇನ್ನೊಂದು ವಿಷಯ ಹೇಳಬೇಕು. ಇದು ಮುಖ್ಯವೋ ಅಲ್ಲವೋ ಗೊತ್ತಿಲ್ಲ. ಮಂಡಿಯಿಂದ ನಾನು ತಂದುಕೊಟ್ಟ ಹಳೇ ಕಿರ್ದಿ ಪುಸ್ತಕ ಒಂದು ಅವಳ ಹತ್ತಿರ ಇದೆ. ಜಮಾ ಖರ್ಚಿನ ಕಲಂನಲ್ಲಿ ಎದುರಾಳಿ ತಂಡದ ಹುಡುಗಿಯರ ಬಗ್ಗೆ ಬರೆದಿಟ್ಟಿದ್ದಾಳೆ. "7 ನಂಬರ್: ಸಿಂಗಲ್ ಚೈನ್ ಜಾಸ್ತಿ. ಸುಸ್ತಾದ್ರೆ ಪೋಲ್ ಹತ್ತಿರ ಹೋಗ್ತಾಳೆ, ಎಡಗಡೆಯಿಂದ ಹಿಡೀಬಹುದು." "4 ನಂಬರ್: ಮೊದಲು ರಿಂಗ್ ಆಡ್ತಾಳೆ. ಖೋ ಕೊಡೋ ಥರ ಕೈ ತೋರಿಸಿದ್ರೆ ಮೋಸ ಹೋಗ್ತಾಳೆ." ಹೀಗೆ ಪುಟಗಟ್ಟಲೆ. ಸಿಂಗಲ್ ಚೈನ್, ರಿಂಗ್ ಅಂದರೆ ಓಡಿ ತಪ್ಪಿಸಿಕೊಳ್ಳುವ ಬಗೆಗಳಂತೆ, ಪೋಲ್ ಅಂದರೆ ಅಂಕಣದ ತುದಿಯ ಕಂಬ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಆಯಿತಲ್ಲ, ಆಗ ನನ್ನ ಮೊಬೈಲು ಅವಳ ಕೈಯಲ್ಲೇ. ನಿಲ್ಲಿಸಿ ನಿಲ್ಲಿಸಿ ನೋಡುವುದು, ಬರೆಯುವುದು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಅದರಲ್ಲಿ ಆಡಿದ ಭಾರತದ ಮಹಿಳಾ ತಂಡದಲ್ಲಿದ್ದರು. ಅವರು ಅಂದರೆ ಇವಳಿಗೆ ಪ್ರಾಣ.

ನನ್ನ ಪ್ರಶ್ನೆ ಇಷ್ಟು. ಖೋ ಖೋ ನಂಬಿಕೊಂಡರೆ ಮುಂದೆ ಒಂದು ಕೆಲಸ ಅಂತ ಸಿಗುತ್ತದಾ? ಸಿಗುವುದಾದರೆ ಈಗಿನಿಂದ ಏನು ಮಾಡಿಕೊಳ್ಳಬೇಕು? ಪಿಯುಸಿಗೆ ಸೈನ್ಸ್ ತೆಗೆದುಕೊಂಡರೆ ಆಟ ಬಿಟ್ಟ ಹಾಗೇನಾ?

---

ಸೀಟಿ ಮೇಷ್ಟ್ರು:

ಸ್ವಾಮಿ, ಮೂರು ದಶಕ ಹೈಸ್ಕೂಲಿನಲ್ಲಿ ಸೀಟಿ ಊದಿ ನಿವೃತ್ತನಾದವನು ನಾನು. ನಿಮ್ಮ ಮಗಳ ಆಟ ನೋಡಿಲ್ಲ. ಆದ್ದರಿಂದ ಅವಳು ಚೈತ್ರಾ ಆಗುತ್ತಾಳೋ ಇಲ್ಲವೋ ಹೇಳಲಾರೆ. ಕಾಗದದ ವಿಷಯ ಹೇಳುತ್ತೇನೆ. ನಮ್ಮ ಮಕ್ಕಳು ಮೈದಾನದಲ್ಲಿ ಸೋಲುವುದಕ್ಕಿಂತ ಜಾಸ್ತಿ ಕಾಗದದಲ್ಲಿ ಸೋಲುತ್ತಾರೆ.

ಮೊದಲು ಮಟ್ಟ ಅರ್ಥ ಮಾಡಿಕೊಳ್ಳಿ. ವಿಭಾಗ ಮಟ್ಟ ಅಂದರೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಈ ನಾಲ್ಕರಲ್ಲಿ ಒಂದು. ಅಲ್ಲಿ ಗೆದ್ದರೆ ಊರಲ್ಲಿ ಫ್ಲೆಕ್ಸ್ ಹಾಕುತ್ತಾರೆ. ಕೇಂದ್ರ ಸರ್ಕಾರದ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ರಾಜ್ಯ ಮಟ್ಟದಲ್ಲಿ ಆಡಿದ್ದೂ ಸಾಲುವುದಿಲ್ಲ. ರಾಜ್ಯದ ಜೆರ್ಸಿ ಹಾಕಿ ರಾಷ್ಟ್ರ ಮಟ್ಟದಲ್ಲಿ ಆಡಿರಬೇಕು. ಅವರ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟಿನ ನಮೂನೆಗಳೇ ಬೇರೆ ಇವೆ. ದೇಶಕ್ಕೆ ಆಡಿದವರಿಗೆ ಫಾರಂ 1. ರಾಜ್ಯಕ್ಕಾಗಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಡಿದವರಿಗೆ ಫಾರಂ 2. ಅಂತರ ವಿಶ್ವವಿದ್ಯಾಲಯ ಆಡಿದವರಿಗೆ ಫಾರಂ 3. ರಾಷ್ಟ್ರೀಯ ಶಾಲಾ ಕ್ರೀಡಾಕೂಟ ಆಡಿದವರಿಗೆ ಫಾರಂ 4. ಕೋಟಾಕ್ಕೆ ಒಪ್ಪುವ ಆಟಗಳ ಪಟ್ಟಿಯಲ್ಲಿ ಖೋ ಖೋ ಇದೆ, ಆ ಚಿಂತೆ ಬೇಡ. ಆಟ್ಯಪಾಟ್ಯ, ಬಾಲ್ ಬ್ಯಾಡ್ಮಿಂಟನ್ ಕೂಡ ಇವೆ ಅಂದರೆ ನೋಡಿ.

ಈಗ ನಿಮ್ಮ ಮಗಳು ಶಿಕ್ಷಣ ಇಲಾಖೆಯ ಕ್ರೀಡಾಕೂಟದ ಹಾದಿಯಲ್ಲಿದ್ದಾಳೆ. ಇದು ಒಂದು ಹಾದಿ. ಖೋ ಖೋ ಅಸೋಸಿಯೇಷನ್ನಿನ ಸಬ್ ಜೂನಿಯರ್, ಜೂನಿಯರ್ ಪಂದ್ಯಗಳದು ಇನ್ನೊಂದು ಹಾದಿ. ಎಷ್ಟೋ ಹಳ್ಳಿ ಶಾಲೆಗಳ ಮಕ್ಕಳಿಗೆ ಈ ಎರಡನೆಯದು ಇದೆ ಅಂತಲೇ ಗೊತ್ತಿರುವುದಿಲ್ಲ. ಶಾಲೆ ತಂಡ ಸೋತರೆ ಆ ವರ್ಷದ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಜಿಲ್ಲಾ ಆಯ್ಕೆ ಯಾವಾಗ ನಡೆಯುತ್ತದೆ ಅಂತ ನಿಮ್ಮ ಪಿಟಿ ಮೇಷ್ಟ್ರನ್ನು ಕೇಳಿ. ಅವರು ಸುಮ್ಮನಿದ್ದರೆ ತುಮಕೂರಿಗೆ ನೀವೇ ಹೋಗಿ ವಿಚಾರಿಸಿ.

ಕ್ರೀಡಾ ವಸತಿ ನಿಲಯ ಒಳ್ಳೆಯದೇ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ಊಟ, ವಸತಿ, ತರಬೇತಿ ಎಲ್ಲ ಅವರದೇ. ಎತ್ತರ, ತೂಕ, ಓಟ, ಜಿಗಿತ ನೋಡುತ್ತಾರೆ, ಆಮೇಲೆ ಆಟ ನೋಡುತ್ತಾರೆ. ಆದರೆ ಎಲ್ಲ ನಿಲಯದಲ್ಲೂ ಎಲ್ಲ ಆಟ ಇರುವುದಿಲ್ಲ. ಪಿಯುಸಿ ಹೆಣ್ಣುಮಕ್ಕಳಿಗೆ ಖೋ ಖೋ ಎಲ್ಲಿದೆ, ಅಲ್ಲಿಂದ ಕಾಲೇಜು ಎಷ್ಟು ದೂರ, ಆ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆ, ಇಷ್ಟು ಕೇಳದೆ ಸಹಿ ಹಾಕಬೇಡಿ. ನನ್ನ ಶಿಷ್ಯೆ ಒಬ್ಬಳು ಒಂದು ನಿಲಯಕ್ಕೆ ಸೇರಿದಳು. ಅಲ್ಲಿ ಅವಳ ಆಟದ ಕೋಚ್ ಹುದ್ದೆ ಖಾಲಿ. ಬೇರೆ ಆಟದ ಕೋಚ್ ಬೆಳಿಗ್ಗೆ ಸುತ್ತು ಹೊಡೆಸಿ ಕಳಿಸುತ್ತಿದ್ದರು. ಒಂದು ವರ್ಷ ಓಡಿದ್ದೇ ಬಂತು.

ಹದಿನೈದು ವರ್ಷಕ್ಕೇ ಇದೇ ಆಟ, ಇದೇ ಬದುಕು ಅಂತ ತೀರ್ಮಾನ ಮಾಡಬೇಡಿ. ವಿಜಯಪುರದ ರಾಜೇಶ್ವರಿ ಗಾಯಕವಾಡ ಮೊದಲು ಜಾವೆಲಿನ್ ಎಸೆಯುತ್ತಿದ್ದವರು. ಆಮೇಲೆ ಕ್ರಿಕೆಟ್ಟಿಗೆ ಬಂದರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದರು. ಖೋ ಖೋದ ಹುಡುಗಿಯರನ್ನು ನಾನು ಎಷ್ಟೋ ಸಲ ಕಬಡ್ಡಿಗೆ, ಓಟಕ್ಕೆ ಕಳಿಸಿದ್ದೇನೆ. ಆ ಕಾಲುಗಳು ಎಲ್ಲಿ ಬೇಕಾದರೂ ಕೆಲಸಕ್ಕೆ ಬರುತ್ತವೆ.

ಪಿಟಿ ಟೀಚರ್ ಆಗುವುದೂ ಒಂದು ದಾರಿ. ಡಿಗ್ರಿ ಆದ ಮೇಲೆ ದೈಹಿಕ ಶಿಕ್ಷಣದ ಬಿಪಿಎಡ್, ಆಮೇಲೆ ಎಂಪಿಎಡ್. ಕೋಚ್ ಆಗಬೇಕಾದರೆ ಪಟಿಯಾಲದ ಎನ್‌ಐಎಸ್, ಅಂದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ. ಅದು 1961ರಿಂದ ಇರುವ ಸಂಸ್ಥೆ. ಆ ಡಿಪ್ಲೊಮಾ ಇದ್ದರೆ ಅಕಾಡೆಮಿಗಳಲ್ಲಿ ಕೇಳುತ್ತಾರೆ. ಆದರೆ ಸರ್ಕಾರಿ ಪಿಟಿ ಹುದ್ದೆ ಯಾವಾಗ ಕರೆಯುತ್ತಾರೋ ದೇವರಿಗೇ ಗೊತ್ತು. ಅದನ್ನೇ ನಂಬಿ ಕೂರಬೇಡಿ.

---

ಜಯನಗರ ಫೋರ್ತ್ ಬ್ಲಾಕ್:

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಓದು ಮೊದಲು. ಎರಪಳ್ಳಿ ಪ್ರಸನ್ನ ಅವರು 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಟೆಸ್ಟ್ ಕ್ರಿಕೆಟ್ಟಿನಿಂದ ಐದು ವರ್ಷ ದೂರ ಇದ್ದರು. ಯಾಕೆ? ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸುವುದಕ್ಕೆ. 1967ರಲ್ಲಿ ವಾಪಸ್ ಬಂದು ಮತ್ತೆ ಆಡಿದರು. ಜಾವಗಲ್ ಶ್ರೀನಾಥ್ ಎಂಜಿನಿಯರ್, ಅನಿಲ್ ಕುಂಬ್ಳೆ ಎಂಜಿನಿಯರ್. ಓದಿದ್ದರಿಂದ ಯಾರ ಬೌಲಿಂಗೂ ಕಮ್ಮಿ ಆಗಲಿಲ್ಲ. ಪಿಸಿಎಂಬಿ ಕೊಡಿಸಿ, ಸಂಜೆ ಆಡಲಿ.

---

ಕಬಡ್ಡಿ ಅಕ್ಕ:

ಜಯನಗರದವರೇ, ನೀವು ಹೇಳಿದ ಮೂವರೂ ಕ್ರಿಕೆಟ್ಟಿನವರು. ಮೂವರೂ ಗಂಡಸರು. ಖೋ ಖೋ ಆಡುವ ಹಳ್ಳಿ ಹುಡುಗಿ ಐದು ವರ್ಷ ಬಿಟ್ಟು ವಾಪಸ್ ಬಂದರೆ ಅವಳಿಗೆ ಜಾಗ ಇಟ್ಟುಕೊಂಡು ಯಾರೂ ಕಾಯುವುದಿಲ್ಲ ಮಾರಾಯ್ರೆ. ಪಿಸಿಎಂಬಿ ಹುಡುಗಿಗೆ ಸಂಜೆ ಅನ್ನುವುದು ಎಲ್ಲಿದೆ? ಕಾಲೇಜು ಮುಗಿದರೆ ಟ್ಯೂಷನ್, ಟ್ಯೂಷನ್ ಮುಗಿದರೆ ಬಸ್ಸು.

ಅಣ್ಣ, ನಾನು ಕಾರ್ಕಳದ ಕಡೆಯವಳು. ಈಗ ಹುಬ್ಬಳ್ಳಿಯಲ್ಲಿ ರೈಲ್ವೆಯಲ್ಲಿ ಇದ್ದೇನೆ. ಕ್ರೀಡಾ ಕೋಟಾದಲ್ಲೇ ಬಂದವಳು. ಆದ್ದರಿಂದ ಒಳಗಿನ ವಿಷಯ ಹೇಳುತ್ತೇನೆ.

ನಮ್ಮಲ್ಲಿ ಕೊಯ್ಲು ಮುಗಿದ ಗದ್ದೆಯೇ ಅಂಕಣ. ಅಣ್ಣಂದಿರಿಗೆ ಆಡಲು ಜನ ಕಮ್ಮಿ ಬಿದ್ದಾಗ ನನ್ನನ್ನು ಸೇರಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಅಂದರೆ ಜಾತ್ರೆಯಷ್ಟು ಜನ ಸೇರುತ್ತಾರೆ. ಆದರೆ ಅದರಲ್ಲಿ ಹುಡುಗಿಯರ ಪಂದ್ಯ ಕಮ್ಮಿ. ಕಬಡ್ಡಿ ಆಡಿದರೆ ಕೆಲಸ ಸಿಗುತ್ತದೆ ಅಂತ ನಮ್ಮೂರಿನ ಹುಡುಗಿಯರು ನಂಬಿದ್ದು ಮಮತಾ ಪೂಜಾರಿ ಅವರನ್ನು ನೋಡಿದ ಮೇಲೆ. ಅವರು ನಮ್ಮ ತಾಲ್ಲೂಕಿನ ಹೆರ್ಮುಂಡೆಯವರು. ರೈಲ್ವೆಗೆ ಸೇರಿದರು, 2010ರಲ್ಲೂ 2014ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, ಅರ್ಜುನ ಪ್ರಶಸ್ತಿ ಬಂತು. ಅದಕ್ಕೂ ಮುಂಚೆ ನಮ್ಮಮ್ಮನ ಮಟ್ಟಿಗೆ ಕಬಡ್ಡಿ ಅಂದರೆ ಬಟ್ಟೆ ಹಾಳು ಮಾಡುವ ಕೆಲಸ.

ಪಿಯುಸಿಗೆ ನನ್ನನ್ನು ಮೂಡುಬಿದಿರೆಯ ಕಾಲೇಜೊಂದಕ್ಕೆ ಕರೆದುಕೊಂಡರು. ಆಟಗಾರರಿಗೆ ಫೀಸು, ಊಟ, ಹಾಸ್ಟೆಲ್ ಎಲ್ಲ ಉಚಿತ. ಕಾಮರ್ಸ್ ತೆಗೆದುಕೊಂಡೆ. ಬೆಳಿಗ್ಗೆ ಐದೂವರೆಗೆ ಮೈದಾನ, ಆಮೇಲೆ ಕ್ಲಾಸು, ಸಂಜೆ ಮತ್ತೆ ಮೈದಾನ. ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದೆ ಅಂತ ಬೇರೆ ಹೇಳಬೇಕಾ? ಹೇಗೋ ಬಿಕಾಂ ಪಾಸಾಯಿತು. ಅಂತರ ವಿಶ್ವವಿದ್ಯಾಲಯ ಆಡಿದೆ, ರಾಜ್ಯಕ್ಕೆ ಆಡಿದೆ. ಅದರ ಮೇಲೆ ರೈಲ್ವೆ ಟ್ರಯಲ್.

ಈ ಟ್ರಯಲ್ ಬಗ್ಗೆ ಜನಕ್ಕೆ ತಪ್ಪು ಕಲ್ಪನೆ ಇದೆ. ಚೆನ್ನಾಗಿ ಆಡಿ ತೋರಿಸಿದರೆ ಸಾಕು ಅಂದುಕೊಳ್ಳುತ್ತಾರೆ. ರೈಲ್ವೆಯ ಅಧಿಸೂಚನೆ ತೆಗೆದು ನೋಡಿ. 100 ಅಂಕದಲ್ಲಿ ಸಾಧನೆಗೆ 50, ಟ್ರಯಲ್‌ಗೆ 40, ಓದಿಗೆ 10. ಅಂದರೆ ಮೇಷ್ಟ್ರು ಹೇಳಿದ ಆ ಕಾಗದಗಳೇ ಅರ್ಧ. ಸಾಧನೆ ಎಷ್ಟು ದೊಡ್ಡದೋ ಅಷ್ಟು ಮೇಲಿನ ಲೆವೆಲ್ಲಿನ ಹುದ್ದೆ. ನನ್ನದು ಸಣ್ಣ ಸಾಧನೆ. ಅದಕ್ಕೆ ಕೆಳಗಿನ ಲೆವೆಲ್ಲಿಗೇ ಸೇರಿದೆ. ಬಿಕಾಂ ಓದಿದವಳು ಮೊದಲ ವರ್ಷಗಳಲ್ಲಿ ಫೈಲು ಹೊತ್ತೆ, ಮೇಜು ಒರೆಸಿದೆ. ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ಬಿಡುತ್ತಿದ್ದರು. ಟೂರ್ನಮೆಂಟಿಗೆ ವಿಶೇಷ ರಜೆ ಇತ್ತು. ಸಂಬಳ ಮಾತ್ರ ತಿಂಗಳು ತಪ್ಪದೆ ಬಂತು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರಿಗೂ ತಿಂಗಳ ಸಂಬಳ ಇರಲಿಲ್ಲ.

ಆಮೇಲೆ ಮೊಣಕಾಲು ಹೋಯಿತು. ರೈಡ್ ಮುಗಿಸಿ ತಿರುಗುವಾಗ ಒಳಗೆ ಟಕ್ ಅಂತ ಶಬ್ದ ಬಂತು. ಆಪರೇಷನ್ ಆಯಿತು, ಮತ್ತೆ ಆಡಲು ಹೋದೆ, ಆಗಲಿಲ್ಲ. ಆಟ ನಿಂತ ಮೇಲೆ ಕೋಟಾದಲ್ಲಿ ಬಂದವಳನ್ನು ಆಫೀಸಿನಲ್ಲಿ ನೋಡುವ ಕಣ್ಣೇ ಬೇರೆ. "ಆಡೋಕೆ ಬಂದವರು, ಇವರಿಗೆ ಕೆಲಸ ಏನು ಗೊತ್ತು" ಅನ್ನುವ ಮಾತು ಕಿವಿಗೆ ಬೀಳುತ್ತಿತ್ತು. ಆಗ ನನ್ನನ್ನು ಉಳಿಸಿದ್ದು ಆ ನಿದ್ದೆಗಣ್ಣಿನ ಬಿಕಾಂ. ಇಲಾಖೆಯ ಪರೀಕ್ಷೆ ಬರೆದು ಕ್ಲರ್ಕ್ ಆದೆ, ಈಗ ಇನ್ನೂ ಒಂದು ಮೆಟ್ಟಿಲು ಮೇಲೆ ಇದ್ದೇನೆ. ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಿದ್ದ ಗೆಳತಿಯೊಬ್ಬಳು ಪಿಯುಸಿಗೇ ಓದು ಬಿಟ್ಟಿದ್ದಳು. ಅವಳು ಇನ್ನೂ ಸೇರಿದ ಹುದ್ದೆಯಲ್ಲೇ ಇದ್ದಾಳೆ.

ಅದಕ್ಕೇ ನನ್ನ ಮಾತು: ಆಟ ಬಾಗಿಲು ತೆಗೆಸುತ್ತದೆ, ಒಳಗೆ ಹೋದ ಮೇಲೆ ಓದಿರಬೇಕು. ಸೈನ್ಸೇ ಆಗಬೇಕು ಅಂತಿಲ್ಲ. ಆಡುತ್ತಾ ಮುಗಿಸಲು ಆಗುವ ಓದು ಆಗಬೇಕು.

ಆಟ ಆಡಿದರೆ ಶಿಸ್ತು ಬರುತ್ತದೆ ಅನ್ನುವ ಭಾಷಣ ಕೇಳಿದರೆ ನನಗೆ ನಗು ಬರುತ್ತದೆ. ನಮ್ಮ ತಂಡದಲ್ಲಿ ಮಹಾ ಸೋಮಾರಿಗಳಿದ್ದರು, ಸಾಲ ತೆಗೆದುಕೊಂಡು ಕೊಡದವರಿದ್ದರು. ನನಗೆ ಆಟದಿಂದ ಬಂದದ್ದು ಬೇರೆ. ರಿಸರ್ವೇಷನ್ ಇಲ್ಲದ ಬೋಗಿಯಲ್ಲಿ ಎರಡು ರಾತ್ರಿ ಕೂತು ಹೋಗುವುದು ಕಲಿತೆ. ಹಿಂದಿ ಕಲಿತೆ. ಗೊತ್ತಿಲ್ಲದ ಊರಿನಲ್ಲಿ ಇಳಿದು ಮೊದಲು ನೀರು, ಆಮೇಲೆ ಶೌಚಾಲಯ, ಆಮೇಲೆ ಜಗಳ ಅನ್ನುವುದು ಕಲಿತೆ. ಇದನ್ನು ಯಾವ ಪಿಸಿಎಂಬಿಯೂ ಕಲಿಸುವುದಿಲ್ಲ.

ನಿಮ್ಮ ಅಮ್ಮನಿಗೆ ಹೇಳಿ, ನನ್ನ ಮದುವೆ ಆದದ್ದು ಮೊಣಕಾಲು ಆಪರೇಷನ್ ಆದ ಮೇಲೆ. ಹುಡುಗನ ಕಡೆಯವರು ಕಾಲು ನೋಡಲಿಲ್ಲ, ಸಂಬಳದ ಚೀಟಿ ನೋಡಿದರು.

---

ಜಯನಗರ ಫೋರ್ತ್ ಬ್ಲಾಕ್:

ಸಂಬಳದ ಚೀಟಿಯ ಮಾತಿಗೆ ನಾನು ಸುಮ್ಮನಾದೆ. ಆದರೂ ಒಂದು ಹೆಸರು ಹೇಳುತ್ತೇನೆ, ಕ್ರಿಕೆಟ್ಟಿನವರಲ್ಲ. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್. ಸುರತ್ಕಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, 2007ರ ಬ್ಯಾಚಿನ ಐಎಎಸ್ ಆಗಿ, ಜಿಲ್ಲಾಧಿಕಾರಿ ಕೆಲಸ ಮಾಡಿಕೊಂಡೇ ಟೋಕಿಯೊ ಪ್ಯಾರಾಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಬೆಳ್ಳಿ.

---

ಕಬಡ್ಡಿ ಅಕ್ಕ:

ಅವರಿಗೆ ಕೈಮುಗಿಯುತ್ತೇನೆ. ಅಂಥವರು ಎಷ್ಟು ಜನ ಸಿಗುತ್ತಾರೆ ಹೇಳಿ?

---

ಐಸ್‌ಪ್ಯಾಕ್:

ಸರ್, ನಾನು ದಾವಣಗೆರೆಯಲ್ಲಿ ಫಿಸಿಯೊಥೆರಪಿಸ್ಟ್. ಕಾಲೇಜಿನ ದಿನಗಳಲ್ಲಿ ವಾಲಿಬಾಲ್ ಆಡುತ್ತಿದ್ದೆ. ಆಡಿದ್ದಕ್ಕಿಂತ ಬೇರೆಯವರ ಬೆರಳಿಗೆ ಟೇಪ್ ಸುತ್ತಿದ್ದೇ ಜಾಸ್ತಿ. ಆರು ಜನರ ತಂಡದಲ್ಲಿ ಏಳನೆಯವನು ನಾನು. ಕೂತು ಕೂತು ಟೇಪ್ ಸುತ್ತುವುದರಲ್ಲಿ ಕೈ ಪಳಗಿತು. ಅದೇ ಈಗ ಹೊಟ್ಟೆಪಾಡು.

ಎಲ್ಲರೂ ನಿಮ್ಮ ಮಗಳ ಕಾಲಿನ ಬಗ್ಗೆ ಮಾತಾಡಿದರು. ನನ್ನ ಕಣ್ಣು ಹೋದದ್ದು ಆ ಕಿರ್ದಿ ಪುಸ್ತಕದ ಮೇಲೆ. ಖೋ ಖೋದಲ್ಲಿ ರನ್ನರ್‌ಗಳು ಮೂರು ಮೂರು ಜನ ಒಳಗೆ ಬರುತ್ತಾರೆ. ಅವರನ್ನು ಅಟ್ಟಿಸಿಕೊಂಡು ಹೋಗುವ ಅಟ್ಯಾಕರ್ ಒಂದು ದಿಕ್ಕಿಗೆ ಹೊರಟರೆ ಹಿಂದೆ ತಿರುಗುವ ಹಾಗಿಲ್ಲ. ಸಾಲಿನಲ್ಲಿ ಕೂತವರಲ್ಲಿ ಯಾರಿಗೆ ಖೋ ಕೊಡಬೇಕು ಅನ್ನುವುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಮಾಡಬೇಕು. ಎದುರಿನವಳು ಸುಸ್ತಾದಾಗ ಎಲ್ಲಿಗೆ ಹೋಗುತ್ತಾಳೆ ಅಂತ ಒಬ್ಬ ಹುಡುಗಿ ಯಾರೂ ಹೇಳಿಕೊಡದೆ ಗಮನಿಸಿ ಬರೆದಿಟ್ಟಿದ್ದಾಳೆ ಅಂದರೆ ಅದು ಸಣ್ಣ ವಿಷಯ ಅಲ್ಲ. ದೊಡ್ಡ ತಂಡಗಳಲ್ಲಿ ಇದೇ ಕೆಲಸಕ್ಕೆ ಸಂಬಳ ಕೊಟ್ಟು ಅನಲಿಸ್ಟ್ ಅಂತ ಇಟ್ಟುಕೊಳ್ಳುತ್ತಾರೆ. ಕ್ರಿಕೆಟ್, ಹಾಕಿ, ಫುಟ್‌ಬಾಲ್‌ನಲ್ಲಿ ಈ ಕೆಲಸ ಯಾವತ್ತೋ ಬಂದಿದೆ. 2014ರಲ್ಲಿ ಪ್ರೊ ಕಬಡ್ಡಿ, 2022ರಲ್ಲಿ ಅಲ್ಟಿಮೇಟ್ ಖೋ ಖೋ ಶುರುವಾದ ಮೇಲೆ ನಮ್ಮ ಆಟಗಳಲ್ಲೂ ವಿಡಿಯೊ ನೋಡಿ ಲೆಕ್ಕ ಹಾಕುವವರು ಬೇಕಾಗುತ್ತಿದ್ದಾರೆ. ಹುದ್ದೆಗಳು ಇನ್ನೂ ಕಮ್ಮಿ, ಅದನ್ನೂ ಹೇಳಿಬಿಡುತ್ತೇನೆ.

ಆಟದ ಪಕ್ಕದಿಂದ ಒಳಗೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಮುಂಬೈನ ವೃಂದಾ ರಾಠಿ ಸ್ಕೋರರ್ ಆಗಿ ಸ್ಕೋರ್ ಪುಸ್ತಕ ಬರೆಯುತ್ತಿದ್ದರು, ಆಮೇಲೆ ಅಂಪೈರ್ ಆದರು. 2023ರ ಜನವರಿಯಲ್ಲಿ ರಣಜಿ ಪಂದ್ಯಕ್ಕೆ ನಿಂತ ಮೊದಲ ಮೂವರು ಮಹಿಳೆಯರಲ್ಲಿ ಅವರೂ ಒಬ್ಬರು. ಬೆಂಗಳೂರಿನ ಈಜುಗಾರ್ತಿ ಶಿಖಾ ಟಂಡನ್ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈಜಿದವರು. ಓದಿದ್ದು ವಿಜ್ಞಾನ. ಆಮೇಲೆ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಈಜು ಮತ್ತು ಬಯಾಲಜಿ ಎರಡೂ ಗೊತ್ತಿದ್ದವರಿಗೆ ಅದಕ್ಕಿಂತ ಸರಿಯಾದ ಕೆಲಸ ಯಾವುದಿದೆ?

ಈಗ ಕಾಂಬಿನೇಷನ್ ವಿಷಯ. ಫಿಸಿಯೊಥೆರಪಿಗೆ ಬರಬೇಕಾದರೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಗಣಿತ ಬೇಕಿಲ್ಲ. ಮಗಳಿಗೆ ಗಣಿತ ಎಳೆಯುತ್ತದೆ ಅಂದಿರಿ, ಅದನ್ನು ಬಿಟ್ಟು ಬಯಾಲಜಿ ಇರುವ ಬೇರೆ ಕಾಂಬಿನೇಷನ್ ಕೊಡುವ ಕಾಲೇಜುಗಳೂ ಇವೆ, ವಿಚಾರಿಸಿ. ಇದು ನಾಲ್ಕು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್. ಪ್ರವೇಶದ ನಿಯಮ ಮಾತ್ರ ಆಯಾ ವರ್ಷದ್ದೇ ನೋಡಿಕೊಳ್ಳಬೇಕು. ಪಿಟಿ, ಕೋಚಿಂಗ್, ರೈಲ್ವೆ, ಬ್ಯಾಂಕಿನ ದಾರಿಗೆ ಆರ್ಟ್ಸ್ ಅಥವಾ ಕಾಮರ್ಸ್ ಆದರೆ ಮೈದಾನಕ್ಕೆ ಹೊತ್ತು ಜಾಸ್ತಿ ಸಿಗುತ್ತದೆ. ಅವಳನ್ನೇ ಕೇಳಿ, "ಆಟ ನಿಂತರೆ ನಿನಗೆ ಯಾವ ಕೆಲಸ ಇಷ್ಟ?" ಅಂತ. "ನೀನು ಏನಾಗಬೇಕು" ಅಂತ ಕೇಳಿದರೆ ಎಲ್ಲ ಮಕ್ಕಳೂ ಭಾರತ ತಂಡ ಅನ್ನುತ್ತಾರೆ.

ಕೊನೆಗೆ ಅಜ್ಜಿಯ ಮೊಣಕಾಲಿನ ಮಾತು. ಅಜ್ಜಿ ಸುಮ್ನೆ ಹೇಳಿದ್ದಲ್ಲ. ಓಡುತ್ತಾ ಥಟ್ಟನೆ ತಿರುಗುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಮೊಣಕಾಲಿನೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯುವುದು ಜಾಸ್ತಿ. ಹದಿಹರೆಯದಲ್ಲಿ ಇನ್ನೂ ಹುಷಾರಾಗಿರಬೇಕು. ಖೋ ಖೋದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎದ್ದು ಓಡುವುದು ಬೇರೆ ಸೇರಿದೆ. ನಿಲ್ಲಿಸಬೇಕಿಲ್ಲ, ಬಲಪಡಿಸಬೇಕು. ಫುಟ್‌ಬಾಲ್ ಆಟಗಾರರಿಗೆ ಅಂತ ಫಿಫಾದವರು ಮಾಡಿದ 11 ಪ್ಲಸ್ ಅನ್ನುವ ವಾರ್ಮ್‌ಅಪ್ ಇದೆ. ಇಪ್ಪತ್ತು ನಿಮಿಷದ್ದು, ದುಡ್ಡು ಕೊಡಬೇಕಿಲ್ಲ, ಇಂಟರ್‌ನೆಟ್‌ನಲ್ಲಿ ವಿಡಿಯೊ ಸಿಗುತ್ತದೆ. ಜಿಗಿದು ಇಳಿಯುವಾಗ ಮೊಣಕಾಲು ಒಳಗೆ ವಾಲದ ಹಾಗೆ ನೋಡಿಕೊಳ್ಳುವುದು ಅದರ ಜೀವಾಳ. ವಾರಕ್ಕೆ ಎರಡು ಮೂರು ಸಲ ಇಡೀ ತಂಡ ಮಾಡಲಿ.

ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಅವಳ ಅಮ್ಮ ಗಮನ ಇಟ್ಟಿರಲಿ. ಒಂದು ಸಲ ಹಿಮೋಗ್ಲೋಬಿನ್ ನೋಡಿಸಿ. ನನ್ನ ಹತ್ತಿರ "ಸ್ಟಾಮಿನಾ ಇಲ್ಲ" ಅಂತ ಬರುವ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಬೇಕಾಗಿರುವುದು ಸುತ್ತು ಹೊಡೆಯುವುದಲ್ಲ, ಸೊಪ್ಪು, ಮೊಟ್ಟೆ, ಕಬ್ಬಿಣದ ಮಾತ್ರೆ.

---

ತೆಂಗಿನತೋಟ:

ಎಲ್ಲರಿಗೂ ಧನ್ಯವಾದ. ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಓದಿ ಹೇಳಿದೆ. ಸಂಬಳದ ಚೀಟಿಯ ಮಾತಿಗೆ ನಮ್ಮಮ್ಮ ನಕ್ಕರು, ಆಮೇಲೆ "ಆ ಹುಡುಗಿಗೆ ಈಗ ಕಾಲು ನೋವು ಇದೆಯಂತಾ?" ಅಂತ ಕೇಳಿದರು. ಅಕ್ಕ, ಉತ್ತರ ಕೊಡಬೇಕಂತೆ.

ಫಿಸಿಯೊದವರು ಹೇಳಿದ ಹಾಗೇ ಮಗಳನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೇಳಿದ್ದನ್ನ ಬೇರೆಯವರು ಆಡಿ ಗೆಲ್ಲೋದು ನೋಡೋಕೆ ನಂಗೆ ಇಷ್ಟ" ಅಂದಳು. ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ಹಾಗಾದರೆ ಕೋಚ್ ಅಲ್ವಾ? ಕ್ಲಾಸ್ ಟೀಚರಿಗೆ ಏನು ಹೇಳುವುದು ಅಂತ ಇನ್ನೂ ಗೊತ್ತಾಗಿಲ್ಲ. ಪಿಸಿಎಂಬಿ ಬೇಡ ಅಂತ ಮಾತ್ರ ನನಗೂ ಅನ್ನಿಸುತ್ತಿದೆ. ಬಯಾಲಜಿ ಇಟ್ಟುಕೊಂಡು ಗಣಿತ ಬಿಡುವ ಕಾಂಬಿನೇಷನ್ ತುಮಕೂರಿನಲ್ಲಿ ಎಲ್ಲೆಲ್ಲಿದೆ ಅಂತ ಸೋಮವಾರ ವಿಚಾರಿಸುತ್ತೇನೆ. ಕಾಮರ್ಸನ್ನೂ ಕೇಳಿ ಬರುತ್ತೇನೆ.

ಮೇಷ್ಟ್ರೇ, ನಿಮಗೊಂದು ಪ್ರಶ್ನೆ. ಹೋದ ವರ್ಷದ ರಾಜ್ಯ ಮಟ್ಟದ ಸರ್ಟಿಫಿಕೇಟ್ ಶಾಲೆಯಲ್ಲೇ ಇದೆ, "ಇಲ್ಲೇ ಇರಲಿ" ಅಂದಿದ್ದಾರೆ. ಪರವಾಗಿಲ್ವಾ?

---

ಸೀಟಿ ಮೇಷ್ಟ್ರು:

ಇಲ್ಲ ಸ್ವಾಮಿ, ನಾಳೆಯೇ ಹೋಗಿ ತೆಗೆದುಕೊಂಡು ಬನ್ನಿ. ಮೂಲ ಪ್ರತಿ ಮನೆಯಲ್ಲಿರಲಿ, ಶಾಲೆಗೆ ಜೆರಾಕ್ಸ್ ಕೊಡಿ. ಹೆಡ್‌ಮಾಸ್ಟರ್ ವರ್ಗವಾದರೆ ಬೀರು ಬದಲಾಗುತ್ತದೆ, ಆಮೇಲೆ ಹುಡುಕುವವರು ಯಾರೂ ಇರುವುದಿಲ್ಲ. ಅದರಲ್ಲಿ ಮಗಳ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಮೂರೂ ಶಾಲೆಯ ದಾಖಲೆಗೂ ಆಧಾರ್‌ಗೂ ಹೊಂದುತ್ತವಾ ನೋಡಿ. ತಪ್ಪಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರುವ ಮುಂಚೆ ಸರಿ ಮಾಡಿಸಿ. ಆಮೇಲೆ ಅದು ಬಹಳ ಓಡಾಟ.

ಕೋಚ್ ವಿಷಯ ಕೇಳಿದಿರಿ. ಹೌದು, ಕೋಚೇ. ಆದರೆ ರಾಷ್ಟ್ರ ಮಟ್ಟದಲ್ಲಿ ಒಂದು ಸಲವಾದರೂ ಆಡಿರಲಿ. ಆಡದವರ ಮಾತನ್ನು ಆಟಗಾರರು ಅಷ್ಟು ಸುಲಭವಾಗಿ ಕೇಳುವುದಿಲ್ಲ. ಮುಂದಿನ ತಿಂಗಳ ಪಂದ್ಯ ಯಾವ ಊರಲ್ಲಿ? ಹತ್ತಿರ ಇದ್ದರೆ ನಾನೂ ಬರುತ್ತೇನೆ. ಆ ಕಿರ್ದಿ ಪುಸ್ತಕ ತರಲು ಹೇಳಿ.

---

ಕಬಡ್ಡಿ ಅಕ್ಕ:

ಅಜ್ಜಿಗೆ ಹೇಳಿ, ಮಳೆಗಾಲದಲ್ಲಿ ಸ್ವಲ್ಪ ನೋವು ಇದೆ. ಮೆಟ್ಟಿಲು ಇಳಿಯುವಾಗ ಮಾತ್ರ.